ಯಾವ ಲಸಿಕೆ, ಎಷ್ಟನೇ ದಿನ?

ಮಕ್ಕಳ ಲಸಿಕೆ ವೇಳಾಪಟ್ಟಿಯನ್ನು ಪ್ರಕಟಿಸಿದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಅಡ್ಡಪರಿಣಾಮಗಳ ಬಗ್ಗೆಯೇ ಕೇಳಿವೆ. ಕೆಲವರು ಹೆದರಿ ಬರೆದಿದ್ದಾರೆ, ಕೆಲವರು ಸಿಟ್ಟಿನಿಂದ ಬರೆದಿದ್ದಾರೆ. ಎರಡಕ್ಕೂ ಕಾರಣವಿದೆ. "ಏನೂ ಆಗಲ್ಲ, ಹೋಗಿ" ಎಂದು ಹೇಳಿ ಕಳಿಸುವ ರೂಢಿ ನಮ್ಮಲ್ಲಿ ಇನ್ನೂ ಹೋಗಿಲ್ಲ. ರಾತ್ರಿ ಮಗುವಿಗೆ ಜ್ವರ ಬಂದಾಗ ಆ ಒಂದು ಮಾತು ಸುಳ್ಳಾಗುತ್ತದೆ, ಜೊತೆಗೆ ಹೇಳಿದ ಉಳಿದ ಮಾತುಗಳ ಮೇಲೂ ನಂಬಿಕೆ ಹೋಗುತ್ತದೆ. ಲಸಿಕೆಯಿಂದ ಅಡ್ಡಪರಿಣಾಮ ಆಗುತ್ತದೆ. ಯಾವ ಲಸಿಕೆಗೆ ಯಾವುದು, ಎಷ್ಟನೇ ದಿನ, ಎಷ್ಟು ಮಂದಿಗೆ ಎನ್ನುವುದು ಬಹುಮಟ್ಟಿಗೆ ಗೊತ್ತಿರುವ ವಿಷಯ. ಆದ್ದರಿಂದ ಉತ್ತರಗಳಲ್ಲಿ ದಿನ, ಪ್ರಮಾಣಗಳನ್ನು ಬಿಡದೆ ಕೊಟ್ಟಿದ್ದೇವೆ. ಉತ್ತರಿಸಿದವರು ಮಕ್ಕಳ ವೈದ್ಯರು ಮತ್ತು ಸಮುದಾಯ ಆರೋಗ್ಯ ತಜ್ಞರು.

ನನ್ನ ಮಗಳಿಗೆ ಒಂದೂವರೆ ತಿಂಗಳ ಇಂಜೆಕ್ಷನ್ ಆದ ರಾತ್ರಿ 101 ಡಿಗ್ರಿ ಜ್ವರ ಬಂತು, ತುಂಬಾ ಅತ್ತಳು. ಜ್ವರ ಇಳಿದು ಎರಡು ವಾರ ಆಯಿತು, ಎಡ ತೊಡೆಯಲ್ಲಿ ಕಡಲೆಕಾಳಿನಷ್ಟು ಗಂಟು ಹಾಗೇ ಇದೆ. ಮುಂದಿನ ಡೋಸ್ ಬೇಡ ಅಂತ ಅತ್ತೆ ಹೇಳುತ್ತಿದ್ದಾರೆ. ಜ್ವರದ ಔಷಧಿ ಎಷ್ಟು ಕೊಡಬೇಕು ಅಂತಲೂ ಯಾರೂ ಸರಿಯಾಗಿ ಹೇಳಲಿಲ್ಲ.
— ಗೃಹಿಣಿ, ಗಂಗಾವತಿ

ಮುಂದಿನ ಡೋಸ್ ಹಾಕಿಸಿ. ಗಂಟಿಗೆ ಏನೂ ಮಾಡಬೇಡಿ.

ಒಂದೂವರೆ ತಿಂಗಳಿಗೆ ಸರ್ಕಾರಿ ಕೇಂದ್ರದಲ್ಲಿ ಕೂಸಿಗೆ ಮೂರು ಸೂಜಿ, ಎರಡು ಬಗೆಯ ಹನಿ ಸಿಗುತ್ತವೆ. ಎಡ ತೊಡೆಗೆ ಪೆಂಟಾವಲೆಂಟ್ 0.5 ಮಿ.ಲೀ., ಬಲ ತೊಡೆಗೆ ನ್ಯುಮೋಕಾಕಲ್ ಲಸಿಕೆ 0.5 ಮಿ.ಲೀ., ಬಲ ತೋಳಿನ ಚರ್ಮದೊಳಕ್ಕೆ ಪೋಲಿಯೊ ಇಂಜೆಕ್ಷನ್ 0.1 ಮಿ.ಲೀ. ಬಾಯಿಗೆ ಪೋಲಿಯೊ ಮತ್ತು ರೋಟಾ ಹನಿ. ಯಾವ ಸೂಜಿ ಯಾವ ಕಡೆಗೆ ಎನ್ನುವುದನ್ನು ದೇಶದಾದ್ಯಂತ ಒಂದೇ ರೀತಿ ಇಟ್ಟಿದ್ದಾರೆ. ಹೀಗಾಗಿ ಎಡ ತೊಡೆ ಎಂದ ಕೂಡಲೇ ಅದು ಪೆಂಟಾವಲೆಂಟ್ ಎಂದು ಹೇಳಬಹುದು. ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ ಮತ್ತು ಹಿಬ್ (ಮಕ್ಕಳಿಗೆ ನ್ಯುಮೋನಿಯಾ, ಮಿದುಳುಪೊರೆಯ ಜ್ವರ ತರುವ ಕ್ರಿಮಿ) ಎಂಬ ಐದು ಸೋಂಕುಗಳಿಗೆ ಇದು ತಡೆ. ಜ್ವರ, ಅಳು ಬರುವುದು ಹೆಚ್ಚಾಗಿ ನಾಯಿಕೆಮ್ಮಿನ ಅಂಶದಿಂದ, ಏಕೆಂದರೆ ಇದರಲ್ಲಿ ಆ ರೋಗಾಣುವನ್ನು ಸಾಯಿಸಿ ಇಡಿಯಾಗಿ ಸೇರಿಸಿರುತ್ತಾರೆ. ಖಾಸಗಿ ಆಸ್ಪತ್ರೆಯಲ್ಲಿ 'ನೋವಿಲ್ಲದ ಇಂಜೆಕ್ಷನ್' ಎಂದು ದುಬಾರಿ ಬೆಲೆಗೆ ಕೊಡುವುದರಲ್ಲಿ ಆ ರೋಗಾಣುವಿನ ಕೆಲವು ತುಣುಕುಗಳಷ್ಟೇ ಇರುತ್ತವೆ. ಜ್ವರ ಕಡಿಮೆ ಬರುವುದು ನಿಜ, ನಾಯಿಕೆಮ್ಮಿನಿಂದ ಸಿಗುವ ರಕ್ಷಣೆ ಬೇಗ ಇಳಿಯುವುದೂ ನಿಜ. ನಾವು ಸರ್ಕಾರಿ ಲಸಿಕೆಯನ್ನು ಧೈರ್ಯವಾಗಿ ಹಾಕಿಸಿ ಎನ್ನುತ್ತೇವೆ.

ಈ ಜ್ವರ ಅದೇ ದಿನ ಶುರುವಾಗಿ 48 ಗಂಟೆಯೊಳಗೆ ಇಳಿಯಬೇಕು. ಗಂಟಿಗೆ ಕಾರಣ ಲಸಿಕೆಯಲ್ಲಿರುವ ಅಲ್ಯುಮಿನಿಯಂ ಲವಣ. ಅದು ಲಸಿಕೆಯನ್ನು ಸ್ನಾಯುವಿನಲ್ಲಿ ಸ್ವಲ್ಪ ಕಾಲ ಹಿಡಿದಿಟ್ಟು ದೇಹದ ರೋಗನಿರೋಧಕ ಕಣಗಳನ್ನು ಅಲ್ಲಿಗೆ ಕರೆಸುತ್ತದೆ. ನೋವಿಲ್ಲದ, ಗಟ್ಟಿಯಾದ, ಕೆಂಪಿಲ್ಲದ ಗಂಟು ಕೆಲವು ವಾರ ಇದ್ದು ತಾನಾಗಿ ಕರಗುತ್ತದೆ. ಉಜ್ಜುವುದು, ಬಿಸಿ ಶಾಖ ಕೊಡುವುದು, ಸುಣ್ಣ–ಅರಿಶಿನ ಹಚ್ಚುವುದು ಬೇಡ. ಮೊದಲ ದಿನದ ಊತಕ್ಕೆ ತಣ್ಣೀರಿನಲ್ಲಿ ಅದ್ದಿ ಹಿಂಡಿದ ಶುದ್ಧ ಬಟ್ಟೆ ಇಟ್ಟರೆ ಸಾಕು. ಮೂರು ದಿನ ಕಳೆದ ಮೇಲೂ ಕೆಂಪು ಹರಡುತ್ತಿದ್ದರೆ, ಮುಟ್ಟಿದರೆ ಬಿಸಿಯಿದ್ದರೆ, ಗಂಟು ಮೆತ್ತಗಾಗಿ ಮಗು ಕಾಲು ಆಡಿಸದಿದ್ದರೆ ಒಳಗೆ ಕೀವಾಗಿದೆ ಎಂದರ್ಥ. ಆಗ ವೈದ್ಯರ ಬಳಿ ಹೋಗಲೇಬೇಕು.

ಈಗ ಔಷಧಿಯ ಲೆಕ್ಕ. ಇದನ್ನು ಎರಡು ಸಲ ಓದಿ. ಪ್ಯಾರಾಸಿಟಮಾಲ್ ಒಂದು ಸಲಕ್ಕೆ ಮಗುವಿನ ತೂಕದ ಪ್ರತಿ ಕಿಲೋಗೆ 10ರಿಂದ 15 ಮಿ.ಗ್ರಾಂ. ನಾಲ್ಕು ಕಿಲೋ ಕೂಸಿಗೆ 40ರಿಂದ 60 ಮಿ.ಗ್ರಾಂ. ಅಂಗಡಿಯಲ್ಲಿ ಸಿಗುವ 'ಡ್ರಾಪ್ಸ್' ಸಾಮಾನ್ಯವಾಗಿ 1 ಮಿ.ಲೀ.ಗೆ 100 ಮಿ.ಗ್ರಾಂ ಇರುತ್ತದೆ, ಅಂದರೆ 0.4ರಿಂದ 0.6 ಮಿ.ಲೀ. ಸಾಕು. 'ಸಿರಪ್' 5 ಮಿ.ಲೀ.ಗೆ 125 ಮಿ.ಗ್ರಾಂನದಾದರೆ ಸುಮಾರು 1.6ರಿಂದ 2.4 ಮಿ.ಲೀ. ಬೇಕು. 5 ಮಿ.ಲೀ.ಗೆ 250 ಮಿ.ಗ್ರಾಂ ಇರುವ ಸಿರಪ್ಪೂ ಉಂಟು, ಅದಕ್ಕೆ ಇದರರ್ಧ. ಅನಾಹುತ ಆಗುವುದು ಇಲ್ಲೇ: ಸಿರಪ್ಪಿನ ಅಳತೆ ಮನಸ್ಸಿನಲ್ಲಿಟ್ಟುಕೊಂಡು ಡ್ರಾಪ್ಸ್ ಕೊಟ್ಟರೆ ನಾಲ್ಕು ಪಟ್ಟು ಔಷಧಿ ಹೋಗುತ್ತದೆ, ಲಿವರ್‌ಗೆ ಪೆಟ್ಟು. ಬಾಟಲಿ ಮೇಲಿನ ಸಣ್ಣ ಅಕ್ಷರ ಓದಿಸಿಕೊಳ್ಳಿ, ಜೊತೆಗೆ ಬರುವ ಗೆರೆಯಿರುವ ಡ್ರಾಪರ್ ಬಳಸಿ, ಅಡುಗೆಮನೆ ಚಮಚ ಬೇಡ. ಎರಡು ಡೋಸ್ ನಡುವೆ ಆರು ಗಂಟೆ ಅಂತರವಿರಲಿ, ದಿನಕ್ಕೆ ನಾಲ್ಕು ಸಲ ಮೀರಬಾರದು. ಆಸ್ಪಿರಿನ್ ಮಕ್ಕಳಿಗೆ ಕೊಡಲೇಬಾರದು. ಜ್ವರ ಬರುವ ಮುಂಚೆಯೇ "ಇರಲಿ" ಎಂದು ಕೊಡುವ ಅಭ್ಯಾಸವೂ ಬೇಡ. 2009ರಲ್ಲಿ ಪ್ರಕಟವಾದ ಜೆಕ್ ದೇಶದ ಅಧ್ಯಯನವೊಂದರಲ್ಲಿ, ಹಾಗೆ ಮೊದಲೇ ಕೊಟ್ಟ ಮಕ್ಕಳಲ್ಲಿ ಕೆಲವು ಲಸಿಕೆಗಳಿಗೆ ಹುಟ್ಟುವ ಪ್ರತಿಕಾಯಗಳೇ ಕಡಿಮೆಯಾದದ್ದು ಕಂಡುಬಂತು.

ಯಾವಾಗ ಕಾಯದೆ ಹೊರಡಬೇಕು? ಜ್ವರ 48 ಗಂಟೆ ದಾಟಿದರೆ ಅಥವಾ 102 ಡಿಗ್ರಿ ಮೀರಿದರೆ, ಮಗು ಹಾಲು ಬಿಟ್ಟರೆ, ಮೂರು ಗಂಟೆಗೂ ಹೆಚ್ಚು ಒಂದೇ ಸಮ ಕಿರುಚಿ ಅತ್ತರೆ, ಫಿಟ್ಸ್ ಬಂದರೆ, ಮೈ ಬಿಳಿಚಿಕೊಂಡು ಜೋತುಬಿದ್ದು ಕರೆದರೂ ಪ್ರತಿಕ್ರಿಯೆ ಇಲ್ಲದಿದ್ದರೆ. ಕೊನೆಯದು ನೋಡಿದವರ ಎದೆ ನಡುಗಿಸುತ್ತದೆ. ಬಹುತೇಕ ಮಕ್ಕಳು ಪೂರ್ತಿ ಚೇತರಿಸಿಕೊಳ್ಳುತ್ತಾರೆ, ಆದರೂ ಅದನ್ನು ವೈದ್ಯರೇ ನೋಡಿ ಹೇಳಬೇಕು. ಇವುಗಳಲ್ಲಿ ಯಾವುದಾದರೂ ಆಗಿದ್ದರೆ ಮುಂದಿನ ಡೋಸ್‌ಗೆ ಮುಂಚೆ ತಿಳಿಸಿ. ತೀವ್ರ ಅಲರ್ಜಿ ಆಗಿದ್ದರೆ ಆ ಲಸಿಕೆ ಮತ್ತೆ ಕೊಡುವುದಿಲ್ಲ. ಏಳು ದಿನದೊಳಗೆ ಮಿದುಳಿನ ತೊಂದರೆ ಕಾಣಿಸಿದ್ದರೆ ನಾಯಿಕೆಮ್ಮಿನ ಅಂಶವನ್ನು ಬಿಡುತ್ತಾರೆ. ನಿಮ್ಮ ಮಗಳಿಗೆ ಆದದ್ದು ಇವ್ಯಾವುವೂ ಅಲ್ಲಮ್ಮ.

ಹುಟ್ಟಿದಾಗ ಎಡ ತೋಳಿಗೆ ಹಾಕಿದ ಜಾಗದಲ್ಲಿ ಒಂದು ತಿಂಗಳಾದ ಮೇಲೆ ಹುಣ್ಣಾಗಿ ಕೀವು ಬರುತ್ತಿದೆ. ಸೂಜಿ ಶುದ್ಧವಿರಲಿಲ್ಲವೇ?
— ಚಳ್ಳಕೆರೆಯ ಓದುಗರು

ಅದು ಕ್ಷಯರೋಗದ ವಿರುದ್ಧ ಹಾಕುವ ಬಿಸಿಜಿ ಲಸಿಕೆ. ಅದರ ನಡೆಯೇ ಹಾಗೆ. ಎರಡರಿಂದ ಆರು ವಾರದೊಳಗೆ ಗುಳ್ಳೆ ಏಳುತ್ತದೆ, ಒಡೆದು ಹುಣ್ಣಾಗುತ್ತದೆ, ಸುಮಾರು ಮೂರು ತಿಂಗಳ ಹೊತ್ತಿಗೆ ಒಣಗಿ ಕಲೆ ಉಳಿಯುತ್ತದೆ. ಮುಲಾಮು, ಪೌಡರ್, ಪಟ್ಟಿ ಯಾವುದೂ ಬೇಡ. ಸ್ನಾನ ಮಾಡಿಸಿ, ಒರೆಸಿ, ಬಿಡಿ. ಕಲೆ ಉಳಿಯದ ಮಕ್ಕಳಿಗೆ ಮತ್ತೆ ಹಾಕಿಸುವ ಅಗತ್ಯವಿಲ್ಲ. ಎಡ ಕಂಕುಳಲ್ಲಿ ಸಣ್ಣ ಗಂಟಾದರೆ ಕಾಯಬಹುದು. ಅದು ಒಂದೂವರೆ ಸೆಂಟಿಮೀಟರ್ ಮೀರಿ ಬೆಳೆದರೆ, ಮೆತ್ತಗಾಗಿ ಚರ್ಮ ಕೆಂಪಾದರೆ ಮಕ್ಕಳ ವೈದ್ಯರಿಗೆ ತೋರಿಸಿ. ಒಂದು ತಿಂಗಳೊಳಗಿನ ಕೂಸಿಗೆ 0.05 ಮಿ.ಲೀ. ಮಾತ್ರ ಚರ್ಮದ ಪದರದೊಳಗೇ ಹಾಕಬೇಕು. ಪ್ರಮಾಣ ಹೆಚ್ಚಾದಾಗ, ಸೂಜಿ ಆಳಕ್ಕೆ ಇಳಿದಾಗ ಇಂಥ ಗಂಟುಗಳು ಹೆಚ್ಚುತ್ತವೆ.

2022ರಲ್ಲಿ ನಮ್ಮ ಬೆಳಗಾವಿ ಜಿಲ್ಲೆಯಲ್ಲೇ ಲಸಿಕೆ ಹಾಕಿಸಿಕೊಂಡ ಕೂಸುಗಳು ಸತ್ತವು. ಈಗ ನನ್ನ ಮೊಮ್ಮಗನಿಗೆ ಒಂಬತ್ತು ತಿಂಗಳು. ಅದೇ ಲಸಿಕೆ ಹಾಕಿಸಿ ಎನ್ನುತ್ತಾರೆ. ನಾವು ಹೆಂಗ ನಂಬೋದು?
— ಬೈಲಹೊಂಗಲದ ಅಜ್ಜಿ

ಅಜ್ಜಿ, ನಿಮ್ಮ ಪ್ರಶ್ನೆಗೆ ಉದ್ದವಾಗಿ ಉತ್ತರಿಸಬೇಕು. 2022ರ ಜನವರಿಯಲ್ಲಿ ರಾಮದುರ್ಗ ತಾಲ್ಲೂಕಿನಲ್ಲಿ ದಡಾರ–ರುಬೆಲ್ಲಾ ಲಸಿಕೆಯ ನಂತರ ಮೂರು ಕೂಸುಗಳು ಸತ್ತದ್ದು ನಿಜ. ಲಸಿಕೆಯನ್ನು ನಿಯಮದಂತೆ ಇಟ್ಟಿರಲಿಲ್ಲ, ನಿರ್ವಹಣೆಯಲ್ಲಿ ಲೋಪವಾಗಿತ್ತು ಎಂದು ಆಗಲೇ ಅಧಿಕಾರಿಗಳು ಹೇಳಿದರು, ಸಿಬ್ಬಂದಿ ಅಮಾನತಾದರು. ಆ ತಾಯಂದಿರ ಮುಂದೆ 'ಲಕ್ಷಕ್ಕೊಂದು' ಎಂಬ ಲೆಕ್ಕ ಹೇಳುವುದರಲ್ಲಿ ಅರ್ಥವಿಲ್ಲ. ಇಂಥದ್ದು ಹೇಗೆ ಆಗುತ್ತದೆ, ನಿಮ್ಮ ಮೊಮ್ಮಗನಿಗೆ ಆಗದಂತೆ ನೀವು ಏನು ನೋಡಬಹುದು ಎನ್ನುವುದನ್ನು ಹೇಳುತ್ತೇವೆ.

ದಡಾರ–ರುಬೆಲ್ಲಾ ಲಸಿಕೆ ಒಣ ಪುಡಿಯ ರೂಪದಲ್ಲಿ ಬರುತ್ತದೆ. ಅದರೊಳಗೆ ಬಲಗುಂದಿಸಿದ ಜೀವಂತ ವೈರಸ್ ಇದೆ. ಹಾಕುವ ಮುಂಚೆ ಅದೇ ಕಂಪನಿ ಕೊಟ್ಟ ದ್ರಾವಣದಲ್ಲಿ ಕಲಸಬೇಕು. ಪೆಂಟಾವಲೆಂಟ್‌ನಂಥ ದ್ರವ ಲಸಿಕೆಗಳಲ್ಲಿ ಕ್ರಿಮಿ ಬೆಳೆಯದಂತೆ ಸಂರಕ್ಷಕ ಇರುತ್ತದೆ, ಆದ್ದರಿಂದ ತೆರೆದ ಸೀಸೆಯನ್ನು ಸರಿಯಾದ ತಂಪಿನಲ್ಲಿಟ್ಟು 28 ದಿನದವರೆಗೆ ಬಳಸಬಹುದು. ದಡಾರ ಲಸಿಕೆಗೆ ಸಂರಕ್ಷಕ ಹಾಕಿದರೆ ಅದು ಲಸಿಕೆಯ ವೈರಸ್ಸನ್ನೇ ಕೊಲ್ಲುತ್ತದೆ, ಆದ್ದರಿಂದ ಹಾಕುವಂತಿಲ್ಲ. ಕಲಸಿದ ಮೇಲೆ ಅದು ಹಾಲಿನಷ್ಟೇ ನಾಜೂಕು. ಒಂದು ಸೀಸೆಯಲ್ಲಿ ಹಲವು ಮಕ್ಕಳಿಗಾಗುವಷ್ಟು ಮದ್ದು ಇರುವುದರಿಂದ ಸೂಜಿ ಮತ್ತೆ ಮತ್ತೆ ಒಳಹೋಗುತ್ತದೆ. ಒಂದು ಸಲ ಚರ್ಮದ ಮೇಲಿನ ಸ್ಟೆಫಿಲೋಕಾಕಸ್ ಕ್ರಿಮಿ ಸೇರಿಕೊಂಡರೆ, ಬೆಚ್ಚಗಿನ ಜಾಗದಲ್ಲಿ ಕೆಲವೇ ಗಂಟೆಗಳಲ್ಲಿ ವಿಷ ಉತ್ಪಾದಿಸುತ್ತದೆ. ಅದಕ್ಕೇ ನಿಯಮ: ಕಲಸಿದ ನಾಲ್ಕು ಗಂಟೆಯೊಳಗೆ ಅಥವಾ ಆ ದಿನದ ಲಸಿಕೆ ಕಾರ್ಯ ಮುಗಿದ ಕೂಡಲೇ, ಯಾವುದು ಮೊದಲೋ ಆಗ, ಉಳಿದದ್ದನ್ನು ಎಸೆಯಬೇಕು. ಬಿಸಿಜಿಗೂ ಇದೇ ನಿಯಮ. "ಸೀಸೆ ವೇಸ್ಟ್ ಆಗುತ್ತೆ" ಎಂಬ ಉಳಿತಾಯಬುದ್ಧಿ ಇಲ್ಲಿ ಕೊಲ್ಲುತ್ತದೆ. 2017ರಲ್ಲಿ ದಕ್ಷಿಣ ಸುಡಾನಿನ ಒಂದು ಹಳ್ಳಿಯಲ್ಲಿ ದಡಾರ ಅಭಿಯಾನದ ವೇಳೆ, ಒಂದೇ ಸಿರಿಂಜಿನಲ್ಲಿ ನಾಲ್ಕು ದಿನ ಮದ್ದು ಕಲಸಿ, ತಂಪಿಲ್ಲದೆ ಇಟ್ಟು ಹಾಕಿದ್ದರಿಂದ 15 ಮಕ್ಕಳು ಸತ್ತರು.

ಇನ್ನೊಂದು ತಪ್ಪು ದ್ರಾವಣದ್ದು. 2018ರಲ್ಲಿ ಪೆಸಿಫಿಕ್ ಸಾಗರದ ಸಮೋವಾ ದ್ವೀಪದಲ್ಲಿ ಇಬ್ಬರು ನರ್ಸ್‌ಗಳು ದ್ರಾವಣದ ಬದಲು ಅವಧಿ ಮುಗಿದ ಅರಿವಳಿಕೆ ಔಷಧಿಯಲ್ಲಿ ಲಸಿಕೆ ಕಲಸಿದರು, ಎರಡು ಕೂಸುಗಳು ನಿಮಿಷಗಳಲ್ಲಿ ಸತ್ತವು. ಆ ಮೇಲೆ ನಡೆದದ್ದನ್ನೂ ಹೇಳಬೇಕು. ಜನ ಹೆದರಿದರು, ಸರ್ಕಾರ ತಿಂಗಳುಗಟ್ಟಲೆ ಲಸಿಕೆ ನಿಲ್ಲಿಸಿತು. ಮರುವರ್ಷ ದಡಾರ ಬಂದಾಗ ಎರಡು ಲಕ್ಷ ಜನರಿರುವ ಆ ಪುಟ್ಟ ದೇಶದಲ್ಲಿ 83 ಮಂದಿ ಸತ್ತರು, ಬಹುಪಾಲು ಐದು ವರ್ಷದೊಳಗಿನ ಮಕ್ಕಳು.

ಹಾಗಾದರೆ ನೀವು ಮಾಡಬೇಕಾದ್ದು: ಅಂಗನವಾಡಿಗೆ ಹೋದಾಗ ಸೀಸೆಯನ್ನು ಈಗ ತೆರೆದಿರೋ, ಆಗಲೇ ತೆರೆದದ್ದೋ ಎಂದು ಕೇಳಿ. ಕಲಸಿದ ಹೊತ್ತನ್ನು ಸೀಸೆಯ ಚೀಟಿಯ ಮೇಲೆ ಪೆನ್ನಿನಲ್ಲಿ ಬರೆದಿರಬೇಕು, ತೋರಿಸಿ ಎನ್ನಿ. ಸೀಸೆ ಇರಬೇಕಾದ್ದು ಐಸ್ ಪ್ಯಾಕ್ ಇಟ್ಟ ನೀಲಿ ಲಸಿಕೆ ಡಬ್ಬಿಯಲ್ಲಿ, ಟೇಬಲ್ಲಿನ ಮೇಲಲ್ಲ, ಮನೆಯ ಫ್ರಿಜ್ಜಿನಲ್ಲಂತೂ ಅಲ್ಲ. ಸೀಸೆಯ ಮೇಲೆ ಒಂದು ಬಣ್ಣದ ವೃತ್ತ, ಅದರೊಳಗೆ ಚೌಕವಿರುತ್ತದೆ. ಚೌಕ ವೃತ್ತಕ್ಕಿಂತ ತಿಳಿಯಾಗಿದ್ದರೆ ಮದ್ದು ಸರಿಯಿದೆ, ಎರಡೂ ಒಂದೇ ಬಣ್ಣವಾಗಿದ್ದರೆ ಬಿಸಿ ತಾಗಿ ಕೆಟ್ಟಿದೆ. ದಡಾರ ಲಸಿಕೆಯಲ್ಲಿ ಈ ಗುರುತು ಮುಚ್ಚಳದ ಮೇಲಿರುವುದರಿಂದ ತೆರೆಯುವ ಮುಂಚೆಯೇ ನೋಡಬೇಕು. ಪ್ಯಾಕೆಟ್ ಒಡೆದು ಹೊಸ ಸಿರಿಂಜ್ ತೆಗೆಯುವುದನ್ನು ಕಣ್ಣಾರೆ ನೋಡಿ. ಒಮ್ಮೆ ಒತ್ತಿದರೆ ಮತ್ತೆ ಎಳೆಯಲು ಬಾರದಂತೆ ಅದು ಲಾಕ್ ಆಗುತ್ತದೆ. ಇದನ್ನೆಲ್ಲ ಕೇಳಿದರೆ ಒಳ್ಳೆಯ ಸಿಸ್ಟರ್ ಬೇಸರ ಮಾಡಿಕೊಳ್ಳುವುದಿಲ್ಲ.

ಹಾಕಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಿ. ತೀವ್ರ ಅಲರ್ಜಿ ಆಗುವುದು ಸುಮಾರು ಹತ್ತು ಲಕ್ಷ ಡೋಸ್‌ಗೆ ಒಂದು. ಆದರೆ ಹಾಗೇನಾದರೂ ಆಗುವುದಿದ್ದರೆ ನಿಮಿಷಗಳಲ್ಲೇ ಆಗುತ್ತದೆ: ಮೈತುಂಬ ದದ್ದು, ತುಟಿ ಊತ, ಉಬ್ಬಸ, ಸುಸ್ತು. ಅದಕ್ಕೆ ಮದ್ದು ಅಡ್ರಿನಲಿನ್ ಇಂಜೆಕ್ಷನ್, ಕೇಂದ್ರದ ಕಿಟ್‌ನಲ್ಲಿ ಇರಲೇಬೇಕು.

ಕೊನೆಗೆ ದಿನದ ಲೆಕ್ಕ. ಹಾಕಿದ ಕೆಲವೇ ಗಂಟೆಗಳಲ್ಲಿ, ಅದೇ ದಿನವೇ ವಾಂತಿ, ನೀರಿನಂಥ ಭೇದಿ, ಸುಡುವ ಜ್ವರ ಬಂದರೆ ಅದು ಕ್ರಿಮಿ ಸೇರಿದ ಮದ್ದಿನ ಲಕ್ಷಣ. ಒಂದು ನಿಮಿಷವೂ ಕಾಯದೆ 108ಕ್ಕೆ ಕರೆ ಮಾಡಿ, ಅದೇ ಸೀಸೆಯಿಂದ ಹಾಕಿಸಿಕೊಂಡ ಉಳಿದ ಮನೆಗಳಿಗೂ ಹೇಳಿಕಳಿಸಿ. ಏಳರಿಂದ ಹನ್ನೆರಡನೇ ದಿನದ ನಡುವೆ ಸಣ್ಣ ಜ್ವರ, ಕೆಂಪು ದದ್ದು ಬಂದರೆ ಅದು ಲಸಿಕೆಯ ವೈರಸ್ ತನ್ನ ಕೆಲಸ ಮಾಡುತ್ತಿರುವುದು, ಎರಡು–ಮೂರು ದಿನದಲ್ಲಿ ಹೋಗುತ್ತದೆ, ಬೇರೆಯವರಿಗೆ ಅಂಟುವುದಿಲ್ಲ. ಈ ಜ್ವರದಲ್ಲಿ ಮೂರು–ನಾಲ್ಕು ಸಾವಿರ ಮಕ್ಕಳಲ್ಲಿ ಒಬ್ಬರಿಗೆ ಫಿಟ್ಸ್ ಬರಬಹುದು, ಸುಮಾರು 30–40 ಸಾವಿರಕ್ಕೆ ಒಬ್ಬರಿಗೆ ಪ್ಲೇಟ್‌ಲೆಟ್ ತಾತ್ಕಾಲಿಕವಾಗಿ ಇಳಿದು ಮೈಮೇಲೆ ನೀಲಿ ಚುಕ್ಕೆ ಏಳಬಹುದು. ದಡಾರವೇ ಬಂದರೆ ಸಾವಿರಕ್ಕೆ ಒಬ್ಬರಿಗೆ ಮಿದುಳುಜ್ವರ. ಮೊಮ್ಮಗನಿಗೆ ಹಾಕಿಸಿ ಅಜ್ಜಿ, ನೀವೇ ಜೊತೆಗೆ ಹೋಗಿ.

ಮಂಗನ ಕಾಯಿಲೆಗೆ ವರ್ಷಾವರ್ಷ ಇಂಜೆಕ್ಷನ್ ಹಾಕಿಸಿಕೊಂಡವರು ನಾವು. ತೋಳು ಎತ್ತಲಾಗದಷ್ಟು ನೋವು. ಈಗ ನಿಲ್ಲಿಸಿದ್ದಾರೆ. ಅದರಲ್ಲಿ ಏನೋ ಅಪಾಯ ಇತ್ತು ಅಂತಲೇ ತಾನೆ?
— ಅಡಿಕೆ ಬೆಳೆಗಾರರು, ತೀರ್ಥಹಳ್ಳಿ

ಅಪಾಯಕ್ಕಾಗಿ ನಿಲ್ಲಿಸಿದ್ದಲ್ಲ, ಪರಿಣಾಮ ಸಾಲದ್ದಕ್ಕೆ ನಿಲ್ಲಿಸಿದ್ದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ರೋಗಕ್ಕೆ ಕೋಳಿ ಭ್ರೂಣದ ಜೀವಕೋಶದಲ್ಲಿ ವೈರಸ್ ಬೆಳೆಸಿ, ಫಾರ್ಮಲಿನ್‌ನಿಂದ ಸಾಯಿಸಿ ಲಸಿಕೆ ಮಾಡುತ್ತಿದ್ದರು. ತಿಂಗಳ ಅಂತರದಲ್ಲಿ ಎರಡು ಡೋಸ್, ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್, ಆಮೇಲೆ ವರ್ಷಕ್ಕೊಂದು. ಮಲೆನಾಡಿನಲ್ಲೇ ನಡೆದ ಅಧ್ಯಯನದ ಪ್ರಕಾರ ಎರಡು ಡೋಸ್‌ಗೆ ಸುಮಾರು 62 ಶೇಕಡಾ, ಬೂಸ್ಟರ್ ಸೇರಿದರೆ 83 ಶೇಕಡಾ ರಕ್ಷಣೆ. ನೋವಿಗೆ ಹೆದರಿ ಹೆಚ್ಚಿನವರು ಬೂಸ್ಟರ್ ತಪ್ಪಿಸುತ್ತಿದ್ದರು, ರಕ್ಷಣೆ ಕುಸಿಯುತ್ತಿತ್ತು. ಲಸಿಕೆಯ ಗುಣಮಟ್ಟ, ಸಾಮರ್ಥ್ಯದ ಪ್ರಶ್ನೆ ಎದ್ದು 2022ರಲ್ಲಿ ನಿಂತಿತು. ನೋವು ಜೀವಕ್ಕೆ ಕುತ್ತಲ್ಲ, ಆದರೂ ಅದನ್ನು 'ಸಣ್ಣ ಅಡ್ಡಪರಿಣಾಮ' ಎಂದು ಕಡೆಗಣಿಸಿದರೆ ಒಂದು ಲಸಿಕಾ ಕಾರ್ಯಕ್ರಮ ಹೇಗೆ ಸೊರಗುತ್ತದೆ ಎಂಬುದಕ್ಕೆ ನಿಮ್ಮ ಊರೇ ಸಾಕ್ಷಿ. ಹೊಸ ಲಸಿಕೆಯ ಕೆಲಸ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ನೆರವಿನಲ್ಲಿ ನಡೆದಿದೆ. ಅಲ್ಲಿಯವರೆಗೆ ಡಿಸೆಂಬರ್‌ನಿಂದ ಮೇ ತನಕ ಕಾಡಿಗೆ, ತೋಟಕ್ಕೆ, ದರಗೆಲೆಗೆ ಹೋಗುವಾಗ ರೋಗ ಹರಡುವ ಉಣುಗು ಹತ್ತದಂತೆ ಆರೋಗ್ಯ ಕೇಂದ್ರ ಕೊಡುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿ, ಮೈ ಮುಚ್ಚುವ ಬಟ್ಟೆ ಹಾಕಿ. ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ, ಮೈಮೇಲೆ ಉಣುಗು ಇದೆಯೇ ನೋಡಿ. ಮಂಗ ಸತ್ತದ್ದು ಕಂಡರೆ ಹತ್ತಿರ ಹೋಗದೆ ತಿಳಿಸಿ.

ಹೆಂಡತಿ ಐದು ತಿಂಗಳ ಬಸುರಿ. ಬೀದಿನಾಯಿ ಮೀನಖಂಡಕ್ಕೆ ಕಚ್ಚಿ ರಕ್ತ ಬಂದಿದೆ. ಹೊಕ್ಕುಳ ಸುತ್ತ 14 ಇಂಜೆಕ್ಷನ್ ಅಂದರೆ ಹೊಟ್ಟೆಯಲ್ಲಿರುವ ಕೂಸಿಗೆ ಏನಾದರೂ ಆದೀತೆಂದು ಮನೆಯವರು ತಡೆದಿದ್ದಾರೆ.
— ಆಟೊ ಚಾಲಕರು, ಹೊಸಪೇಟೆ

ಈ ಪತ್ರಕ್ಕೆ ತಕ್ಷಣ ಖಾಸಗಿಯಾಗಿ ಉತ್ತರಿಸಿದ್ದೇವೆ. ಉಳಿದ ಓದುಗರಿಗಾಗಿ ಇಲ್ಲಿ ಹಾಕುತ್ತಿದ್ದೇವೆ. ರೇಬೀಸ್ ಬಂದ ಮೇಲೆ ಬದುಕುವುದು ಇಲ್ಲವೆಂದೇ ಹೇಳಬೇಕು. ಬಸುರಿ, ಬಾಣಂತಿ, ಎಳೆಗೂಸು ಯಾರೇ ಇರಲಿ, ಲಸಿಕೆ ತಪ್ಪಿಸುವ ಕಾರಣ ಒಂದೂ ಇಲ್ಲ.

ಹೊಕ್ಕುಳ ಸುತ್ತಿನ ಭಯ ಬುಡವಿಲ್ಲದ್ದೇನೂ ಅಲ್ಲ. 1911ರಲ್ಲಿ ಕಸೌಲಿಯಲ್ಲಿ ಡೇವಿಡ್ ಸೆಂಪಲ್ ರೂಪಿಸಿದ ಹಳೆಯ ಲಸಿಕೆಯನ್ನು ಕುರಿಯ ಮಿದುಳಿನಲ್ಲಿ ವೈರಸ್ ಬೆಳೆಸಿ ತಯಾರಿಸುತ್ತಿದ್ದರು. ಜೊತೆಗೆ ಬರುತ್ತಿದ್ದ ಮಿದುಳಿನ ಅಂಶಕ್ಕೆ ದೇಹ ತಿರುಗಿಬಿದ್ದು, ತನ್ನದೇ ನರಗಳ ಹೊದಿಕೆಯನ್ನು ಹಾಳುಮಾಡಿಕೊಳ್ಳುತ್ತಿತ್ತು. ಕೆಲವು ಸಾವಿರ ಮಂದಿಯಲ್ಲಿ ಒಬ್ಬರಿಗಾದರೂ ಪಾರ್ಶ್ವವಾಯುವಿನಂಥ ತೊಂದರೆ ಆಗುತ್ತಿತ್ತು. ರೇಬೀಸ್ ಅದಕ್ಕಿಂತ ಭೀಕರವೆಂದು ಅದನ್ನೇ ದಶಕಗಟ್ಟಲೆ ಬಳಸಿದರು. ಉತ್ತಮವಾದದ್ದು ಬಂದ ಮೇಲೆ ಭಾರತ 2004ರ ಕೊನೆಗೆ ಅದರ ತಯಾರಿಕೆಯನ್ನು ನಿಲ್ಲಿಸಿತು. ಈಗಿನದರಲ್ಲಿ ಮಿದುಳಿನ ಅಂಶವೇ ಇಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಎರಡೂ ತೋಳಿನ ಚರ್ಮದೊಳಕ್ಕೆ ತಲಾ 0.1 ಮಿ.ಲೀ., ಮೊದಲ ಡೋಸ್ ಹಾಕಿದ ದಿನ (ಅದನ್ನು 0 ಎನ್ನುತ್ತಾರೆ), ಅಲ್ಲಿಂದ 3, 7 ಮತ್ತು 28ನೇ ದಿನ. ಸ್ನಾಯುವಿಗಾದರೆ 0, 3, 7, 14, 28. ತುರಿಕೆ, ಕೆಂಪು, ಸ್ವಲ್ಪ ಜ್ವರ, ಅಷ್ಟೆ.

ರಕ್ತ ಬಂದ ಗಾಯಕ್ಕೆ ಲಸಿಕೆಯೊಂದೇ ಸಾಲದು. ಮೊದಲು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಸುಣ್ಣ, ಖಾರದ ಪುಡಿ, ಕಾಫಿಪುಡಿ ಹಾಕಬೇಡಿ, ಹೊಲಿಗೆ ಹಾಕಿಸಬೇಡಿ. ಮೊದಲ ದಿನವೇ ಗಾಯದ ಒಳಗೂ ಸುತ್ತಲೂ ಇಮ್ಯುನೋಗ್ಲೋಬ್ಯುಲಿನ್ (ರೇಬೀಸ್ ವಿರುದ್ಧದ ಸಿದ್ಧ ಪ್ರತಿಕಾಯಗಳ ಮದ್ದು) ತುಂಬಬೇಕು. ಕುದುರೆಯಿಂದ ತಯಾರಿಸಿದ್ದಾದರೆ ಕಿಲೋ ತೂಕಕ್ಕೆ 40 ಯೂನಿಟ್, ಮನುಷ್ಯರದ್ದಾದರೆ 20. ಲಸಿಕೆಯ ರಕ್ಷಣೆ ಹುಟ್ಟುವುದಕ್ಕೆ ಒಂದು–ಎರಡು ವಾರ ಬೇಕು, ಆ ನಡುವೆ ಕಾಪಾಡುವುದು ಇದು. ಕುದುರೆ ಸೀರಂಗೆ ಅಪರೂಪಕ್ಕೆ ಅಲರ್ಜಿ ಆಗಬಹುದು. ವಾರ ಕಳೆದು ದದ್ದು, ಕೀಲುನೋವು ಬಂದರೆ ಅದೂ ಇದರದ್ದೇ, ಗುಣವಾಗುತ್ತದೆ.

ಎಂಎಂಆರ್ ಲಸಿಕೆಯಿಂದ, ಅದರಲ್ಲಿರುವ ಪಾದರಸದಿಂದ ಆಟಿಸಂ ಬರುತ್ತದಂತೆ. ನಿಜವೇ?
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಇಲ್ಲ. ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿ ಹಾಕುವ ಎಂಎಂಆರ್‌ನಲ್ಲಿ ಪಾದರಸವೇ ಇಲ್ಲ. ಮೇಲೆ ಹೇಳಿದಂತೆ ಜೀವಂತ ಲಸಿಕೆಗೆ ಸಂರಕ್ಷಕ ಹಾಕಲಾಗದು. ಪಾದರಸವಿರುವ ಥಯೋಮರ್ಸಾಲ್ ಎಂಬ ಸಂರಕ್ಷಕ ಇರುವುದು ಪೆಂಟಾವಲೆಂಟ್‌ನಂಥ ಹಲವು ಡೋಸ್‌ನ ಸೀಸೆಗಳಲ್ಲಿ. ಅದರ ಈಥೈಲ್ ಪಾದರಸ ದೇಹದಿಂದ ಬೇಗ ಹೊರಹೋಗುತ್ತದೆ. ಮೀನಿನ ಮೂಲಕ ದೇಹದಲ್ಲಿ ಶೇಖರವಾಗುವುದು ಬೇರೆ ಬಗೆಯ ಮೀಥೈಲ್ ಪಾದರಸ. ಆಟಿಸಂ ಮಾತು ಹುಟ್ಟಿದ್ದು 1998ರಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಎಂಬ ಬ್ರಿಟಿಷ್ ವೈದ್ಯ 12 ಮಕ್ಕಳ ಮೇಲೆ ಬರೆದ ಲೇಖನದಿಂದ. 2010ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಅದನ್ನು ಹಿಂತೆಗೆದುಕೊಂಡಿತು, ಅವರ ವೈದ್ಯಕೀಯ ನೋಂದಣಿಯೂ ರದ್ದಾಯಿತು. 2019ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನ 6,57,461 ಮಕ್ಕಳನ್ನು ಗಮನಿಸಿತು. ಲಸಿಕೆ ಹಾಕಿಸಿದವರಲ್ಲೂ ಹಾಕಿಸದವರಲ್ಲೂ ಆಟಿಸಂ ಪ್ರಮಾಣದಲ್ಲಿ ವ್ಯತ್ಯಾಸ ಇರಲಿಲ್ಲ. ಮಾತು ನಿಂತುಹೋಗುವುದು, ಕಣ್ಣಿಟ್ಟು ನೋಡದಿರುವುದು ಪೋಷಕರ ಗಮನಕ್ಕೆ ಬರುವ ವಯಸ್ಸು ಒಂದರಿಂದ ಎರಡು ವರ್ಷ, ಎಂಎಂಆರ್ ಹಾಕುವ ವಯಸ್ಸೂ ಅದೇ. ಅನುಮಾನವಿದ್ದರೆ ಲಸಿಕೆಯನ್ನು ದೂರುತ್ತಾ ಕಾಲ ಕಳೆಯದೆ ಬೇಗ ತಪಾಸಣೆ ಮಾಡಿಸಿ, ತರಬೇತಿ ಬೇಗ ಶುರುವಾದಷ್ಟೂ ಮಗುವಿಗೆ ಲಾಭ.

ಕೋವಿಶೀಲ್ಡ್‌ನಿಂದ ರಕ್ತ ಹೆಪ್ಪುಗಟ್ಟುತ್ತದೆ ಎಂದು ಕಂಪನಿಯೇ ಒಪ್ಪಿಕೊಂಡಿದೆ. ಹಾಸನದಲ್ಲಿ ಸಾಲುಸಾಲು ಯುವಕರು ಹೃದಯಾಘಾತದಿಂದ ಸತ್ತರು. ಇನ್ನೂ ಲಸಿಕೆಯನ್ನೇ ಸಮರ್ಥಿಸುತ್ತೀರಾ?
— ಓದುಗರು, ಅರಸೀಕೆರೆ

ಎರಡು ಬೇರೆ ವಿಷಯಗಳು ಇಲ್ಲಿ ಒಂದಾಗಿವೆ. ಮೊದಲನೆಯದು ನಿಜ. ಪ್ಲೇಟ್‌ಲೆಟ್ ಇಳಿಯುತ್ತಲೇ ಮಿದುಳಿನ, ಹೊಟ್ಟೆಯ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಟಿಟಿಎಸ್ ಎಂಬ ಕಾಯಿಲೆ ಈ ಲಸಿಕೆಯಿಂದ ಬರಬಲ್ಲದು. ಕಂಪನಿಯ ನ್ಯಾಯಾಲಯದ ಹೇಳಿಕೆ 2024ರ ಏಪ್ರಿಲ್‌ನಲ್ಲಿ ಸುದ್ದಿಯಾಯಿತು, ಆದರೆ ಕಾಯಿಲೆ 2021ರ ವಸಂತದಲ್ಲೇ ಯುರೋಪಿನಲ್ಲಿ ಗುರುತಾಗಿತ್ತು, ಹಲವು ದೇಶಗಳು ಕಿರಿಯರಿಗೆ ಅದನ್ನು ಆಗಲೇ ನಿಲ್ಲಿಸಿದ್ದವು. ಬ್ರಿಟನ್ನಿನಲ್ಲಿ 50 ವರ್ಷದೊಳಗಿನವರಲ್ಲಿ ಮೊದಲ ಡೋಸ್‌ಗೆ ಸುಮಾರು 50 ಸಾವಿರಕ್ಕೆ ಒಬ್ಬರಿಗೆ. ಭಾರತದಲ್ಲಿ 2021ರ ಮೇ ತಿಂಗಳಲ್ಲಿ ಕೇಂದ್ರ ಸಮಿತಿ ವರದಿ ಮಾಡಿದ್ದು 26 ಪ್ರಕರಣ, ಹತ್ತು ಲಕ್ಷ ಡೋಸ್‌ಗೆ 0.61. ನಮ್ಮಲ್ಲಿ ವರದಿಯಾಗದೆ ಉಳಿದವೂ ಇದ್ದಿರಬೇಕು ಎನ್ನುವುದು ನಮ್ಮ ಅಭಿಪ್ರಾಯ. ಆದರೆ ಈ ಕಾಯಿಲೆ ಬರುವುದು ಲಸಿಕೆಯ ಸುಮಾರು 4ರಿಂದ 42 ದಿನದೊಳಗೆ. 2021ರಲ್ಲಿ ಹಾಕಿಸಿಕೊಂಡವರಿಗೆ ಈಗ ಅದರ ಭಯವಿಲ್ಲ, ರಕ್ತ ಹೆಪ್ಪುಗಟ್ಟಿದೆಯೇ ಎಂದು ನೋಡುವ ಡಿ-ಡೈಮರ್ ಪರೀಕ್ಷೆಗೆ ದುಡ್ಡು ಸುರಿಯಬೇಕಾಗಿಲ್ಲ.

ಎರಡನೆಯದು ಹಾಸನ. 2025ರ ಬೇಸಿಗೆಯ ಕೊನೆಯ ಆ ಸಾವುಗಳ ಬಳಿಕ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದ ಸಮಿತಿ ಪರಿಶೀಲಿಸಿತು, ಲಸಿಕೆಯ ನಂಟು ಕಾಣಲಿಲ್ಲ. ಅದಕ್ಕೂ ಮುಂಚೆ 2023ರಲ್ಲಿ ಐಸಿಎಂಆರ್ 47 ಆಸ್ಪತ್ರೆಗಳಿಂದ, 18ರಿಂದ 45 ವರ್ಷದವರ 729 ಹಠಾತ್ ಸಾವುಗಳನ್ನು ತೆಗೆದುಕೊಂಡು ಅದೇ ವಯಸ್ಸಿನ ಬದುಕಿರುವವರ ಜೊತೆ ಹೋಲಿಸಿತು. ಸತ್ತವರಲ್ಲಿ ಹೆಚ್ಚು ಕಂಡದ್ದು: ಮನೆತನದಲ್ಲಿ ಹಠಾತ್ ಸಾವು, ಕೋವಿಡ್‌ಗೆ ಆಸ್ಪತ್ರೆ ಸೇರಿದ್ದು, ಸಾಯುವ 48 ಗಂಟೆಯೊಳಗೆ ಅತಿಯಾಗಿ ಕುಡಿದದ್ದು ಅಥವಾ ತೀವ್ರ ಶ್ರಮದ ವ್ಯಾಯಾಮ. ಲಸಿಕೆ ಪಡೆದವರಲ್ಲಿ ಅಪಾಯ ಕಡಿಮೆಯೇ ಇತ್ತು. ಯುವಕರಲ್ಲಿ ಹೃದಯದ ಸ್ನಾಯು ಊದಿಕೊಳ್ಳುವ ಅಡ್ಡಪರಿಣಾಮ ಸಾಬೀತಾಗಿರುವುದು ಫೈಝರ್, ಮಾಡರ್ನಾ ಲಸಿಕೆಗಳಿಗೆ. ಅವು ನಮ್ಮ ಅಭಿಯಾನದಲ್ಲಿ ಬಳಕೆಗೆ ಬರಲಿಲ್ಲ. ವಿದೇಶದಲ್ಲಿರುವ ಕನ್ನಡಿಗರಲ್ಲಿ ಹರೆಯದ ಹುಡುಗರಿದ್ದು, ಲಸಿಕೆಯಾದ ವಾರದೊಳಗೆ ಎದೆನೋವು ಬಂದರೆ ಇಸಿಜಿ ಮಾಡಿಸಬೇಕು.

ಹಾಸನದ ಯುವಕರು ಲಸಿಕೆಯ ಚರ್ಚೆಯಲ್ಲಿ ಬಿ.ಪಿ., ಸಕ್ಕರೆ, ಕೊಲೆಸ್ಟರಾಲ್, ಸಿಗರೇಟನ್ನು ಮರೆಯುವುದೇ ನಮಗೆ ಹೆಚ್ಚಿನ ಆತಂಕ.

ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಹಾಕಿಸುವ ಯೋಚನೆಯಿದೆ. ಒಬ್ಬಳು ತಲೆಸುತ್ತಿ ಬಿದ್ದರೆ ಸಾಲಾಗಿ ಎಲ್ಲರೂ ಬೀಳುತ್ತಾರಂತೆ, ಮಕ್ಕಳು ಸತ್ತದ್ದೂ ಇದೆಯಂತೆ.
— ಮುಖ್ಯ ಶಿಕ್ಷಕಿ, ಮಂಡ್ಯ

ಬೀಳುವುದು ನಿಜ. ಕಾರಣ ಮದ್ದಿಗಿಂತ ಹೆಚ್ಚಾಗಿ ಸೂಜಿಯ ಭಯ, ಖಾಲಿ ಹೊಟ್ಟೆ, ಸೆಕೆ. ತಿಂಡಿ ತಿಂದು ಬರಲು ಹೇಳಿ. ಕಾಯುವ ಕೋಣೆಯಿಂದ ಸೂಜಿ ಕಾಣದಿರಲಿ, ಕೂರಿಸಿ ಹಾಕಿ. 15 ನಿಮಿಷ ಏಳಬಾರದು. ಯಾರಾದರೂ ಬಿಳಿಚಿಕೊಂಡರೆ ನೆಲದ ಮೇಲೆ ಮಲಗಿಸಿ ಕಾಲನ್ನು ಎತ್ತಿ ಹಿಡಿಯಿರಿ, ಉಳಿದವರನ್ನು ದೂರ ಕಳಿಸಿ. ಭಯದ ತಲೆಸುತ್ತಿನಲ್ಲಿ ನಾಡಿ ನಿಧಾನ, ಮೈ ತಣ್ಣಗೆ, ಮಲಗಿಸಿದರೆ ಚೇತರಿಕೆ. ಅಲರ್ಜಿಯಲ್ಲಿ ನಾಡಿ ವೇಗ, ದದ್ದು, ಉಬ್ಬಸ.

ಸಾವಿನ ಮಾತು 2009–10ರ ಆಂಧ್ರ, ಗುಜರಾತಿನ ಯೋಜನೆಯದು. ಏಳು ಹುಡುಗಿಯರು ಸತ್ತರು. ವಿಚಾರಣೆಯಲ್ಲಿ ಸಾವುಗಳಿಗೆ ಲಸಿಕೆಯ ಸಂಬಂಧ ಕಾಣಲಿಲ್ಲ, ಹಾವು ಕಡಿತ, ನೀರಿನಲ್ಲಿ ಮುಳುಗಿದ್ದು ಮುಂತಾದ ಕಾರಣಗಳಿದ್ದವು. ಆದರೆ ಅಲ್ಲಿ ದೊಡ್ಡ ತಪ್ಪು ನಡೆದಿತ್ತು: ಪೋಷಕರ ಬದಲು ಹಾಸ್ಟೆಲ್ ವಾರ್ಡನ್‌ಗಳು ಒಪ್ಪಿಗೆಗೆ ಸಹಿ ಹಾಕಿದ್ದರು. ಸಂಸದೀಯ ಸಮಿತಿ 2013ರಲ್ಲಿ ಇದನ್ನು ಕಟುವಾಗಿ ಟೀಕಿಸಿತು. ಮೇಡಂ, ನೀವು ಆ ಸಹಿ ಹಾಕಬೇಡಿ. ತಂದೆ–ತಾಯಿಯನ್ನೇ ಕರೆಸಿ, ವಿವರಿಸಿ, ಅವರಿಂದಲೇ ಹಾಕಿಸಿ.

ಲಸಿಕೆಯಿಂದ ತೊಂದರೆಯಾದರೆ ಯಾರನ್ನು ಕೇಳಬೇಕು? ಆಸ್ಪತ್ರೆಯವರು "ಇದು ಕಾಕತಾಳೀಯ" ಎಂದು ಸಾಗಹಾಕುತ್ತಾರೆ.
— ವಕೀಲರು, ಧಾರವಾಡ

ಕಾಕತಾಳೀಯವೋ ಅಲ್ಲವೋ ಎಂದು ತೀರ್ಮಾನಿಸುವುದು ಆ ಆಸ್ಪತ್ರೆಯ ಕೆಲಸವಲ್ಲ. ಅವರ ಕೆಲಸ ವರದಿ ಮಾಡುವುದು. ಸಾವು, ಆಸ್ಪತ್ರೆ ದಾಖಲಾತಿ, ಅಂಗವೈಕಲ್ಯ ಅಥವಾ ಒಂದೇ ಕಡೆ ಹಲವರಿಗೆ ತೊಂದರೆ ಆದರೆ 24 ಗಂಟೆಯೊಳಗೆ ಜಿಲ್ಲೆಗೆ ತಿಳಿಸಬೇಕು. ನಮ್ಮಲ್ಲಿ ಅದನ್ನು ನೋಡಿಕೊಳ್ಳುವವರು ಜಿಲ್ಲಾ ಸಂತಾನೋತ್ಪತ್ತಿ ಮತ್ತು ಮಕ್ಕಳ ಆರೋಗ್ಯ (ಆರ್‌ಸಿಎಚ್) ಅಧಿಕಾರಿ. ಜಿಲ್ಲೆ, ರಾಜ್ಯ, ಕೇಂದ್ರ ಮೂರು ಹಂತದಲ್ಲಿ ಸಮಿತಿಗಳಿವೆ. ಅವು ಐದು ಸಾಧ್ಯತೆ ನೋಡುತ್ತವೆ: ಲಸಿಕೆಯ ಸ್ವಭಾವ, ತಯಾರಿಕೆಯ ದೋಷ, ಹಾಕುವಾಗಿನ ತಪ್ಪು, ಭಯದ ಪ್ರತಿಕ್ರಿಯೆ, ಕಾಕತಾಳೀಯ. ಕೇಂದ್ರ ಸಮಿತಿಯ ತೀರ್ಮಾನಗಳನ್ನು ಆರೋಗ್ಯ ಸಚಿವಾಲಯ ಜಾಲತಾಣದಲ್ಲಿ ಹಾಕುತ್ತದೆ, ಆದರೆ ತೀರಾ ತಡವಾಗಿ. 2022ರ ಮೇ 2ರಂದು ಸುಪ್ರೀಂ ಕೋರ್ಟ್ ಡಾ. ಜೇಕಬ್ ಪುಲಿಯೆಲ್ ಪ್ರಕರಣದಲ್ಲಿ, ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ ಎಂದಿತು. ಅಡ್ಡಪರಿಣಾಮಗಳನ್ನು ಜನರೇ ವರದಿ ಮಾಡಲು, ಮಾಹಿತಿ ನೋಡಲು ವ್ಯವಸ್ಥೆ ಬೇಕೆಂದೂ ಹೇಳಿತು. ಅಮೆರಿಕದಲ್ಲಿ ಪ್ರತಿ ಡೋಸ್‌ ಮೇಲೆ, ಅದು ತಡೆಯುವ ಒಂದೊಂದು ರೋಗಕ್ಕೆ 75 ಸೆಂಟ್‌ನಂತೆ ತೆರಿಗೆ ಕೂಡಿಸಿ, ತಪ್ಪು ಯಾರದೆಂದು ಸಾಬೀತು ಮಾಡಿಸದೆಯೇ ಪರಿಹಾರ ಕೊಡುವ ನಿಧಿ 1988ರಿಂದ ಇದೆ. ಅಂಥ ನಿಧಿ ನಮ್ಮಲ್ಲಿಲ್ಲ. ಊರಿನ ಒಳಿತಿಗೆಂದು ಎಲ್ಲರೂ ಲಸಿಕೆ ಹಾಕಿಸಿಕೊಳ್ಳುವಾಗ, ಅಪರೂಪಕ್ಕೆ ಪೆಟ್ಟು ತಿಂದ ಒಂದು ಮನೆ ಒಂಟಿಯಾಗಿ ಕೋರ್ಟಿಗೆ ಅಲೆಯುವುದು ಅನ್ಯಾಯ. ನಿಮ್ಮಂಥವರು ಇದನ್ನು ಎತ್ತಬೇಕು.

ನಿಮ್ಮ ಕಕ್ಷಿದಾರರಿಗೆ ಹೇಳಿ: ತಾಯಿ ಕಾರ್ಡ್ ಅಥವಾ ಬಿಲ್‌ನಲ್ಲಿ ಲಸಿಕೆಯ ಹೆಸರು, ಬ್ಯಾಚ್ ನಂಬರ್, ದಿನಾಂಕ, ಹೊತ್ತು ಬರೆಸಿಕೊಳ್ಳಬೇಕು. ಲಕ್ಷಣ ಶುರುವಾದ ಹೊತ್ತು, ಅದೇ ದಿನ ಹಾಕಿಸಿಕೊಂಡ ಬೇರೆ ಮಕ್ಕಳ ಸ್ಥಿತಿ ಬರೆದಿಡಬೇಕು. ಸಾವಾದರೆ ಎಷ್ಟೇ ಕಷ್ಟವೆನಿಸಿದರೂ ಮರಣೋತ್ತರ ಪರೀಕ್ಷೆಗೆ ಒಪ್ಪಬೇಕು, ಅದಿಲ್ಲದೆ ಸಮಿತಿಗಳು 'ನಿರ್ಧರಿಸಲಾಗದು' ಎಂದು ಕಡತ ಮುಚ್ಚುವ ಸಂಭವ ಹೆಚ್ಚು. ಆಸ್ಪತ್ರೆ ವರದಿ ಮಾಡದಿದ್ದರೆ ಮನೆಯವರೇ ಔಷಧಿಗಳ ಅಡ್ಡಪರಿಣಾಮ ದಾಖಲಿಸುವ ರಾಷ್ಟ್ರೀಯ ಸಹಾಯವಾಣಿ 1800-180-3024ಕ್ಕೆ ಉಚಿತವಾಗಿ ಕರೆ ಮಾಡಿ ದಾಖಲಿಸಬಹುದು.